ಲಾಲಬಿಯ ಕೈಗುಣ

ಬ್ರಿಟಿಷರ ಕಾಲದಲ್ಲಿ ಹತ್ತಿ ಗಿರಣಿಗೆ ಹೋಗುವ ಹುಬ್ಬಳ್ಳಿಯ ಹೆಂಗಸರು ತಮ್ಮ ಹಸುಗೂಸುಗಳನ್ನು ಲಾಲಬಿಯ ಮನೆಯಲ್ಲಿ ಬಿಡುತ್ತಿದ್ದರು. ಏಳು ತೊಟ್ಟಿಲು ತುಂಬಿದ್ದರೂ ಅಲ್ಲಿ ಅಳುವೆಂಬುದೇ ಇಲ್ಲ; ಪಕ್ಕದಲ್ಲೇ ಕಮ್ಮಾರ ಕಬ್ಬಿಣ ಬಡಿದರೂ ಒಂದು ಕೂಸೂ ಮಿಸುಕದು. "ನಂದು ಕೈಗುಣ ಐತವ್ವಾ," ಎಂದು ಲಾಲಬಿ ನಗುತ್ತಿದ್ದಳು. ಕೈಗುಣವೆಂದರೆ ಸರಕಾರಿ ಅಂಗಡಿಯಿಂದ ತಂದು ಹಾಲಿನಲ್ಲಿ ತೇದ ಸಾಸಿವೆಕಾಳಿನಷ್ಟು ಅಫೀಮು. ತಾಯಂದಿರಿಗೂ ಗೊತ್ತು, ಯಾರೂ ಬಾಯಿ ಬಿಡರು. ಕೂಸುಗಳು ಮಲಗಿದ ಮೇಲೆ ಗಿರಣಿಯ ಸೀಟಿ ಕೂಗುವತನಕ ಅವಳು ಕೂತಲ್ಲಿ ಕೂರಳು. ತೊಟ್ಟಿಲಿಂದ ತೊಟ್ಟಿಲಿಗೆ ಹೋಗಿ, ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುವಳು. ಒಂದು ಮುಂಜಾನೆ ಕೂಸನ್ನು ಬಿಡಲು ಬಂದ ಈರವ್ವ, "ಚಾಚಿ, ನನ್ನ ಕೂಸಿಗೆ ಇವತ್ತ ಒಂದ್ ಚೂರ ಜಾಸ್ತಿ ಕೊಡ್ರಿ, ರಾತ್ರಿನೂ ಛಲೋ ಮಲಗಲಿ," ಎಂದಳು. ಲಾಲಬಿ ಮೂಲೆಯಲ್ಲಿದ್ದ ಎಂಟನೆಯ, ಖಾಲಿ ತೊಟ್ಟಿಲನ್ನು ತೋರಿಸಿದಳು. "ನನ್ನ ಮಗಳೂ ಭಾಳ ಛಲೋ ಮಲಗಿದ್ಲವ್ವಾ. ಇನ್ನೂ ಎದ್ದಿಲ್ಲ."