ಮೊದಲ ಹೆಸರು ಗುರುಗಳದ್ದು

ನನ್ನ ಅಳಿಯ ಸಿದ್ರಾಮಪ್ಪನವರು ಮನೆ ಮಾಡಿದ್ದು ಡಚ್ಚರ ದೇಶದ ರೈಸ್‌ವೈಕ್‌ನಲ್ಲಿ. ಮನಸ್ಸು ಇದ್ದದ್ದು ಸ್ಲೊವಾಕಿಯಾ ದೇಶದ ಪೂರ್ವಕ್ಕಿರುವ ಗುಡ್ಡದ ಹಳ್ಳಿಗಳಲ್ಲಿ. ಕಮ್ಯುನಿಸ್ಟರ ಸರ್ಕಾರ ಬಿದ್ದ ಮೇಲೆ ಅಲ್ಲಿ ಯಾರು ಬೇಕಾದರೂ ಪಕ್ಷ ಕಟ್ಟಬಹುದು ಎಂದಾಯಿತಂತೆ. ಆ ಹಳ್ಳಿಗಳವರ ಮನೆಮಾತು ಬೇರೆ, ಸರ್ಕಾರದ ಮಾತು ಬೇರೆ. ಅವರು ಎಣಿಕೆಯಲ್ಲಿ ಸ್ವಲ್ಪವೇ ಮಂದಿ. ಆದರೂ ತಮ್ಮದೊಂದು ಸಣ್ಣ ಪಕ್ಷ ಕಟ್ಟಿಕೊಂಡರು. ಆ ಪಕ್ಷ ಹೇಗೆ ಹುಟ್ಟಿತು, ಹೇಗೆ ಬಡವಾಯಿತು ಎಂದು ಕೇಳಿ ತಿಳಿದು ಬರೆಯುವುದೇ ಅಳಿಯನ ಕೆಲಸ. ಅದಕ್ಕೆ ಯೂನಿವರ್ಸಿಟಿ ಸಂಬಳ ಕೊಡುತ್ತಿತ್ತು.

ನಮ್ಮ ಯಜಮಾನರು ಹೋದ ಮೇಲೆ ನಾನು ಮಗಳು ವೈಶಾಲಿಯ ಮನೆಗೆ ಬಂದೆ. ಆಗ ಮೊಮ್ಮಗ ಈಶಾನ್ ಇನ್ನೂ ತೊಟ್ಟಿಲಲ್ಲಿದ್ದ. ಬಂದ ಹೊಸದರಲ್ಲಿ ಈ ಕೆಲಸ ನನಗೆ ಅರ್ಥವಾಗಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ.

“ಅಲ್ರೀ, ಅಷ್ಟು ದೂರದ ಮಂದಿ ಪಾರ್ಟಿ ಸುದ್ದಿ ತಗೊಂಡು ನಿಮಗೇನು ಆಗಬೇಕಾಗೇತಿ?”

“ಅತ್ತಿ, ನಾ ಹುಟ್ಟಿದ್ದು ಜತ್ತ ತಾಲೂಕಿನ್ಯಾಗ. ಹೆಸರಿಗೆ ಮಹಾರಾಷ್ಟ್ರ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ಕಚೇರ್ಯಾಗ ಬೈಗುಳ. ಆ ಹಳ್ಳಿಗೆ ಹೋದ್ರ ನನಗ ನಮ್ಮೂರಿಗೆ ಹೋದಂಗ ಆಗ್ತೈತ್ರಿ.”

“ಊರಿಗೆ ಹೋದಂಗ ಆಗೂದಾದ್ರ ಹೆಂಡ್ತಿನ್ನ ಯಾಕ ಒಮ್ಮೆನೂ ಕರಕೊಂಡು ಹೋಗಿಲ್ಲ?” ಎಂದಳು ವೈಶಾಲಿ.

“ನಿನ್ನ ಕರಕೊಂಡು ಹೋದ್ರ ಅವ್ರು ನನ್ನ ಜೋಡಿ ಮಾತಾಡಂಗಿಲ್ಲ. ನಿನ್ನ ಸೀರಿ ನೋಡ್ಕೋತ ಕುಂದರ್ತಾರ.”

ಆ ಹಳ್ಳಿಗಳಲ್ಲಿ ಅವರು ಮುಂಬಾಗಿಲಿನಿಂದ ಹೋಗುತ್ತಿರಲಿಲ್ಲವಂತೆ. ಹಿತ್ತಲ ಕಡೆಯಿಂದ ಅಡುಗೆಮನೆಗೆ ಹೋಗಿ, ಆಲೂಗಡ್ಡೆ ಸುಲಿಯುತ್ತ ಕೂತು, ಮೊದಲ ಸಲ ಏನೂ ಕೇಳದೆ ಎದ್ದು ಬರುವುದು. ಮುಂದಿನ ಸಲ ಅವರಾಗಿಯೇ ಮಾತು ತೆಗೆದರೆ ಆಗ ಟೇಪ್ ರೆಕಾರ್ಡರ್ ಹೊರಗೆ ಇಡುವುದು. ಹೀಗೆ ವರ್ಷಗಟ್ಟಲೆ ಸೇರಿಸಿದ ಕ್ಯಾಸೆಟ್ಟುಗಳು ಸಣ್ಣ ಕೋಣೆಯ ತುಂಬ ಪೆಟ್ಟಿಗೆಗಳಲ್ಲಿ ಇದ್ದವು. ಆ ಕೋಣೆಯಲ್ಲಿ ಬೇರೆ ಯಾರೂ ಮಲಗುವಂತಿರಲಿಲ್ಲ. ಈಶಾನ್ ನನ್ನ ಮಗ್ಗುಲಲ್ಲೇ ಮಲಗಿ ದೊಡ್ಡವನಾದ.

ಡಾಕ್ಟರೇಟ್ ಪುಸ್ತಕ ಮುಗಿದ ಮರುವರ್ಷ ಅವರಿಗೊಂದು ಮಾತು ಹೊಳೆಯಿತು. ನನಗೆ ಅದನ್ನು ಅವರು ಹೀಗೆ ತಿಳಿಸಿ ಹೇಳಿದರು. ಆ ದೇಶದ ಚುನಾವಣೆಯಲ್ಲಿ ಒಂದೊಂದು ಪಕ್ಷವೂ ತನ್ನ ಅಭ್ಯರ್ಥಿಗಳ ಹೆಸರನ್ನು ಮೇಲಿನಿಂದ ಕೆಳಗೆ ಬರೆದು ಕೊಡುತ್ತದೆ. ಸೀಟು ಬಂದರೆ ಮೊದಲು ಮೇಲಿನವನಿಗೆ. ಈ ಹಳ್ಳಿಯವರ ಪಕ್ಷ ಎಲ್ಲಕ್ಕಿಂತ ಮೇಲೆ ಬರೆದದ್ದು ತಮ್ಮವನ ಹೆಸರಲ್ಲ, ಸರ್ಕಾರದ ಮಾತಾಡುವ ದೊಡ್ಡ ಜನಾಂಗದ ಒಬ್ಬ ಪಟ್ಟಣದವನ ಹೆಸರು. ಅವನಿಗೆ ಇವರ ಮಾತೇ ಬರುತ್ತಿರಲಿಲ್ಲ. ಓದಿದವರೆಲ್ಲ ಈ ಹಳ್ಳಿಯವರು ದಡ್ಡರು, ಮೋಸ ಹೋದರು ಎಂದು ಬರೆದಿದ್ದರಂತೆ.

“ದಡ್ಡರಲ್ರಿ ಅತ್ತಿ. ಗೊತ್ತಿದ್ದ ಮಾಡ್ಯಾರ. ನಮಗ ಸೀಟು ಬ್ಯಾಡ, ನಮ್ಮ ಮ್ಯಾಲ ಕಣ್ಣು ಬೀಳದಿದ್ರ ಸಾಕು ಅಂತ. ಅವನ ಹೆಸರು ಬೇಲಿ ಇದ್ದಂಗ. ಆದ್ರ ಬೇಲಿ ಎತ್ತರ ಆಗಿ ಹೊಲಾನ ಕಾಣದಂಗ ಆತು. ಈಗ ಅದು ಅವರ ಪಕ್ಷ ಅಂತ ಯಾರಿಗೂ ನೆನಪಿಲ್ಲ.”

ಇದನ್ನೇ ಅವರು ದೊಡ್ಡ ಲೇಖನವಾಗಿ ಬರೆದರು. ಬರೆದದ್ದು ಪೂರಾ ಅವರೇ. ಅವರ ಗುರುಗಳು ಪ್ರೊಫೆಸರ್ ರೀಟ್ಸೆಮಾ ಎಂಬ ಎತ್ತರದ ಡಚ್ ಮನುಷ್ಯ. ಅವರು ಓದಿ ಅಲ್ಲಲ್ಲಿ ಇಂಗ್ಲಿಷ್ ತಿದ್ದಿಕೊಟ್ಟರು. ಲೇಖನ ಅಚ್ಚಿಗೆ ಹೋಗುವಾಗ ಅಳಿಯ ಮೊದಲು ಪ್ರೊಫೆಸರ್ ಹೆಸರು, ಅದರ ಕೆಳಗೆ ತಮ್ಮ ಹೆಸರು ಹಾಕಿದರು. ವೈಶಾಲಿ ಅದನ್ನು ನೋಡಿದಳು.

“ಅವ್ರು ಇದರಾಗ ಒಂದು ಸಾಲರೆ ಬರದಾರೇನು?”

“ಓದಿ ತಿದ್ದ್ಯಾರಲ್ಲ.”

“ಕಾಮಾ, ಫುಲ್‌ಸ್ಟಾಪ್ ತಿದ್ದ್ಯಾರ. ಹಂಗಾರ ಕಾಮಾದ ಮ್ಯಾಲ ಅವ್ರ ಹೆಸರು ಬರೀರಿ.”

“ವೈಶಾಲಿ, ಈ ದೇಶದಾಗ ನನ್ನ ಕೈ ಹಿಡದವ್ರು ಅವ್ರು. ಗುರುಗಳ ಹೆಸರು ಕೆಳಗ, ನಂದು ಮ್ಯಾಲ ಹಾಕೂದೇನು? ಬರೇ ನಂದ ಹಾಕಿದ್ರಂತೂ ಮುಗೀತು.”

“ಆ ಹಳ್ಳಿ ಮಂದಿ ಮಾಡಿದ್ದನ್ನ ನೀವೂ ಮಾಡಾಕತ್ತೀರಿ.”

“ಅದು ಹೆದರಿಕಿ. ಇದು ಮರ್ಯಾದಿ.”

ವೈಶಾಲಿ ಹಾಳೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ನನಗೆ ಅಳಿಯ ಹೇಳಿದ್ದೇ ಒಪ್ಪಿತು. ನಮ್ಮ ಕಡೆ ಅದು ಸರಿಯೇ.

ಪ್ರೊಫೆಸರ್ ಸಹ ಬೇಡವೆಂದರು. ಅದು ನಿನ್ನ ಕೆಲಸ, ನನ್ನ ಹೆಸರು ತೆಗೆ ಎಂದು ಫೋನಿನಲ್ಲಿ ಹೇಳಿದರಂತೆ. ಅಳಿಯ ಇಲ್ಲ, ಇದೇ ಸರಿ ಎಂದು ಪಟ್ಟು ಹಿಡಿದರು. ಇಲ್ಲಿಯ ಜನ ಒಮ್ಮೆ ಕೇಳುತ್ತಾರೆ, ನೀವು ಏನು ಹೇಳಿದಿರೋ ಅದನ್ನು ನಿಜವೆಂದು ನಂಬುತ್ತಾರೆ. ಮಾತಿನ ಹಿಂದೆ ಇನ್ನೊಂದು ಮಾತು ಇದ್ದೀತೆಂದು ಹುಡುಕುವುದಿಲ್ಲ. ಪ್ರೊಫೆಸರ್ ಸರಿ ಎಂದರು.

ಲೇಖನಕ್ಕೆ ಹೆಸರು ಬಂತು. ಬೇರೆ ದೇಶದವರೂ ತಮ್ಮ ಪುಸ್ತಕಗಳಲ್ಲಿ ಅದನ್ನು ಎತ್ತಿ ಬರೆದರು. ಎಲ್ಲರೂ ಬರೆದದ್ದು ರೀಟ್ಸೆಮಾ ಅವರ ವಿಚಾರ ಎಂದು. ಸಭೆಯೊಂದಕ್ಕೆ ಹೋಗಿ ಬಂದ ಅಳಿಯ ನಗುತ್ತ ಹೇಳಿದರು: “ಒಬ್ಬಾವ ಬಂದು ನಿಮ್ಮ ಪ್ರೊಫೆಸರ್ ವಿಚಾರಾನ ನೀವು ಭಾಳ ಛಲೋ ತಿಳ್ಕೊಂಡೀರಿ ಅಂದ.” ವೈಶಾಲಿ ನಗಲಿಲ್ಲ.

1998ರಲ್ಲಿ ಪ್ರೊಫೆಸರ್‌ಗೆ ಅರವತ್ತೈದು ತುಂಬಿತು. ಇಲ್ಲಿ ಆ ವಯಸ್ಸಿಗೆ ಕುರ್ಚಿ ಬಿಡಬೇಕು. ಅಳಿಯನ ಕರಾರೂ ಅದೇ ಬೇಸಿಗೆಗೆ ಮುಗಿಯುವುದಿತ್ತು. ವಿಭಾಗದಲ್ಲಿ ಕಾಯಂ ಹುದ್ದೆ ಒಂದೇ ಒಂದು ಖಾಲಿಯಾಯಿತು. ಅದು ಸಿಕ್ಕರೆ ಕಡೆತನಕ ಇದೇ ಓದು, ಇದೇ ಹಳ್ಳಿಗಳು. ಸಿಗದಿದ್ದರೆ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ, ಏನಾದರೂ ಮಾಡಬಹುದಿತ್ತು. ಆದರೆ ಆ ಸಣ್ಣ ಪಕ್ಷದ ಕಥೆಗೆ ಸಂಬಳ ಕೊಡುವವರು ಈ ದೇಶದಲ್ಲಿ ಇನ್ನೊಬ್ಬರಿರಲಿಲ್ಲ. ಏಳೆಂಟು ವರ್ಷದ ಓದು ಅಲ್ಲಿಗೆ ನಿಲ್ಲುತ್ತಿತ್ತು. ಇದು ನಮಗೆ ಮೂವರಿಗೂ ಗೊತ್ತಿತ್ತು.

ಸಂದರ್ಶನದ ದಿನ ಟೈ ಕಟ್ಟಿಕೊಂಡು ಹೋದರು. ಬಂದವರೇ ಟೈ ಬಿಚ್ಚದೆ ಕೂತರು. ವೈಶಾಲಿ ಚಹಾ ಮುಂದಿಟ್ಟಳು.

“ಏನೇನ್ ಕೇಳಿದ್ರು?”

“ಎಲ್ಲಾ ಕೇಳಿದ್ರು. ಆ ಲೇಖನದ ಬಗ್ಗೇನ ಭಾಳ. ಇದರಾಗ ನಿಮ್ಮದು ಅಂತ ಏನೈತಿ ಅಂದ್ರು.”

“ನೀವೇನಂದ್ರಿ?”

“ಪ್ರೊಫೆಸರ್ ದಾರಿ ತೋರಿಸಿದ್ರು, ನಾ ನಡದೆ ಅಂದೆ.”

ವೈಶಾಲಿ ಅವರ ಮುಖ ನೋಡಿದಳು. “ಬರಕೊಂಡ್ರೇನು?”

“ಬರಕೊಂಡ್ರು.”

“ಅಯ್ಯೋ ನಿಮ್ಮ! ಎಲ್ಲಾ ನಂದ ಅಂತ ಒಂದು ಮಾತು ಅನ್ನಾಕ ಏನಾಗಿತ್ತು? ಒಂದ ಒಂದು ಮಾತು!”

“ಪ್ರೊಫೆಸರ್ ಬಾಜೂ ಕೋಣ್ಯಾಗ ಇದ್ರು, ವೈಶಾಲಿ.”

ಹಿರಿಯರ ಹತ್ತಿರ ‘ನಾನು ಮಾಡಿದೆ’ ಎನ್ನುವುದು ಆ ಮನುಷ್ಯನ ಬಾಯಲ್ಲಿ ಹೊರಡುವುದಿಲ್ಲ. ಬುದ್ಧಿ ಇಲ್ಲದೆ ಅಲ್ಲ. ಬೆಳೆದದ್ದು ಹಾಗೆ. ನಮ್ಮಲ್ಲಾದರೆ ಕೇಳಿದವರು ತಲೆದೂಗಿ, ಹುಡುಗ ವಿನಯವಂತ, ಕೆಲಸ ಇವನದೇ ಎಂದು ತಾವೇ ತಿಳಿದುಕೊಳ್ಳುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಪ್ರೊಫೆಸರ್ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಹೂವಿನ ಕಟ್ಟು. ಅದನ್ನು ನನ್ನ ಕೈಗೆ ಕೊಟ್ಟು ಕೂತರು. ಹುದ್ದೆ ಮಾರ್ಲೇನ್ ಎಂಬ ಹೆಣ್ಣುಮಗಳಿಗೆ ಆಯಿತು ಎಂದು ಮೊದಲೇ ಹೇಳಿಬಿಟ್ಟರು. ಇಲ್ಲಿಯವರು ಕೆಟ್ಟ ಸುದ್ದಿಯನ್ನು ಊಟದ ನಂತರ ಎಂದು ಇಟ್ಟುಕೊಳ್ಳುವುದಿಲ್ಲ. ಆಮೇಲೆ ಅವರು ಮಾತಾಡಿದ್ದನ್ನು ವೈಶಾಲಿ ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಲೇಖನ ಪೂರಾ ಸಿದ್ರಾಮಪ್ಪನದು, ನನ್ನದೇನೂ ಇಲ್ಲ ಎಂದು ಅವರು ಆಯ್ಕೆಯವರಿಗೆ ಬರೆದೂ ಕೊಟ್ಟರಂತೆ, ಬಾಯಲ್ಲೂ ಹೇಳಿದರಂತೆ. ಆಯ್ಕೆ ಮಾಡುವವರು ನಕ್ಕರಂತೆ. ಯಾಕೆಂದರೆ ಹಿಂದೆ ಮೂರ್ನಾಲ್ಕು ಮಂದಿ ಶಿಷ್ಯರಿಗೆ ಕೆಲಸ ಸಿಗಲೆಂದು ಪ್ರೊಫೆಸರ್ ಇದೇ ಮಾತು ಹೇಳಿದ್ದರು. ಆಗ ಅದು ಅರ್ಧ ಸುಳ್ಳು. ನೀವು ಯಾವಾಗಲೂ ಹುಡುಗರ ಪರ ರೀಟ್ಸೆಮಾ, ಆ ಮನುಷ್ಯನೇ ನಿಮ್ಮ ವಿಚಾರ ಎಂದು ಒಪ್ಪಿಕೊಂಡಿದ್ದಾನಲ್ಲ, ಎಂದರಂತೆ. ಸ್ವಂತ ವಿಚಾರವಿಲ್ಲದ ಒಳ್ಳೆಯ ಕೆಲಸಗಾರ ಎಂದು ಅಳಿಯನ ಹೆಸರಿನ ಮುಂದೆ ಬರೆದು ಮುಗಿಸಿದ್ದರು.

“ಈಗರೆ ಪತ್ರಿಕೆಗೆ ಬರದು ನಿಮ್ಮ ಹೆಸರು ತೆಗಸ್ರಿ ಅಂತ ಇವ್ರನ್ನ ಕೇಳಲೇನು?” ಎಂದು ವೈಶಾಲಿ ಗಂಡನನ್ನು ಕನ್ನಡದಲ್ಲೇ ಕೇಳಿದಳು.

“ಬ್ಯಾಡ. ಹಂಗ ಮಾಡಿದ್ರ ಶಿಷ್ಯನ ಕೆಲಸ ಕದ್ದಾರಂತ ಮಂದಿ ಅವ್ರ ಮ್ಯಾಲ ಬೀಳ್ತಾರ. ಮುಪ್ಪಿನ್ಯಾಗ ಅವ್ರ ಮುಖಕ್ಕ ಮಸಿ ಯಾಕ?”

“ನಿಮ್ಮ ಮುಖಕ್ಕ ಬಡದದ್ದು ಏನು, ಅರಿಷಿಣೇನು?”

ಪ್ರೊಫೆಸರ್‌ಗೆ ಮಾತು ತಿಳಿಯಲಿಲ್ಲ. ಆದರೆ ದನಿ ತಿಳಿಯಿತು. ಅವರ ಮುಖ ಕೆಂಪಾಯಿತು. ನಾನು ಬೇಡವೆಂದಾಗ ನೀನು ಕೇಳಬೇಕಿತ್ತು ಎಂದು ಅಳಿಯನಿಗೆ ಮೆತ್ತಗೆ ಹೇಳಿದರು. ಅಳಿಯ ಹೌದು ಎಂದು ತಲೆಯಾಡಿಸಿ ಅವರ ಕಪ್ಪಿಗೆ ಮತ್ತೆ ಚಹಾ ಹಾಕಿದರು. ಹೋಗುವಾಗ ಕೆಳಗಿನತನಕ ಇಳಿದು ಸೈಕಲ್ ಹಿಡಿದುಕೊಟ್ಟು ಬಂದರು.

ಕರಾರು ಮುಗಿಯಿತು. ಬೇರೆ ಎರಡು ದೇಶಗಳಿಗೂ ಅರ್ಜಿ ಹಾಕಿದರು. ರೀಟ್ಸೆಮಾ ಅವರ ವಿಚಾರವನ್ನು ಮುಂದುವರಿಸುವ ನಿಮ್ಮ ಯೋಜನೆ ಚೆನ್ನಾಗಿದೆ, ಆದರೆ ಹೊಸತಿಲ್ಲ ಎಂದು ಒಂದು ಕಡೆಯಿಂದ ಉತ್ತರ ಬಂತು. ಇನ್ನೊಂದು ಕಡೆಯಿಂದ ಬರಲಿಲ್ಲ.

ಕಡೆಗೆ ಹೂಫ್‌ಡಾರ್ಪ್‌ನಲ್ಲಿ ಲಾರಿ ಕಳಿಸುವ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸವಾಯಿತು. ಸ್ಲೊವಾಕಿಯಾದಿಂದ ಸರಕು ತರುವ ಡ್ರೈವರುಗಳಿಗೆ ಇಂಗ್ಲಿಷ್ ಬರುವುದಿಲ್ಲ, ಡಚ್ ಬರುವುದಿಲ್ಲ. ಯಾವ ಗೇಟಿಗೆ ಹೋಗಬೇಕು, ಎಲ್ಲಿ ಕಾಯಬೇಕು ಎಂದು ಅವರ ಮಾತಿನಲ್ಲಿ ಫೋನಿನಲ್ಲಿ ಹೇಳುವುದು ಅಳಿಯನ ಕೆಲಸ. ನಿಮ್ಮ ಉಚ್ಚಾರ ನಮ್ಮ ಗುಡ್ಡದ ಕಡೆಯವರ ಹಾಗಿದೆ, ನೀವು ಯಾರ ಮಗ ಎಂದು ಒಬ್ಬ ಡ್ರೈವರ್ ಕೇಳಿದನಂತೆ. ಅದನ್ನು ಹೇಳುವಾಗ ಅಳಿಯ ನಗಲಿಲ್ಲ. 

ಸೆಪ್ಟೆಂಬರಿನಲ್ಲಿ ಮಾರ್ಲೇನ್ ಫೋನ್ ಮಾಡಿದಳು. ಆ ಹಳ್ಳಿಗಳಿಗೆ ತಾನು ಹೋಗಬೇಕು, ಕ್ಯಾಸೆಟ್ಟುಗಳನ್ನು ಕೇಳಲು ಕೊಡುವಿರಾ ಎಂದು. ಅಳಿಯ ಹಳ್ಳಿಯವರಿಗೆ ಕಾಗದ ಹಾಕಿ ಒಪ್ಪಿಗೆ ತರಿಸಿಕೊಂಡರು. ಮಾರ್ಲೇನ್ ಕಾರು ತಂದಳು. ಮರ್ಯಾದಸ್ಥ ಹುಡುಗಿ, ಚಪ್ಪಲಿ ಹೊರಗೇ ಬಿಟ್ಟಳು. ಅಳಿಯ ಒಂದೊಂದೇ ಪೆಟ್ಟಿಗೆ ಇಳಿಸಿಕೊಟ್ಟರು. ಯಾವ ಮನೆಗೆ ಹಿತ್ತಲಿನಿಂದ ಹೋಗಬೇಕು, ಯಾರ ಎದುರು ಟೇಪ್ ತೆಗೆಯಬಾರದು, ಎಲ್ಲವನ್ನೂ ನಿಂತುಕೊಂಡೇ ಹೇಳಿದರು. ಅವಳು ಬರೆದುಕೊಂಡಳು.

ಕಾರು ಹೋದ ಮೇಲೆ ವೈಶಾಲಿ ಕೇಳಿದಳು: “ಯಾಕ ಕೊಟ್ರಿ? ನಾಳೆ ಮತ್ತ ಬೇಕಾದ್ರ?”

“ನಾಳೆ ನಂದು ಬೆಳಗಿನ ಪಾಳಿ” ಎಂದರು.

ಆ ಸಂಜೆ ಸಣ್ಣ ಕೋಣೆಯನ್ನು ಒರೆಸಿ ಈಶಾನ್‌ನ ಮಂಚ ಹಾಕಿದೆವು. ಅವನಿಗೆ ಖುಷಿ. ಗೋಡೆಯ ತುಂಬ ಪೆಟ್ಟಿಗೆ ಇದ್ದಲ್ಲಿ ಬಣ್ಣ ಬೇರೆಯಾಗಿತ್ತು.

ಅದೇ ತಿಂಗಳ ಕೊನೆಗೆ ಸ್ಲೊವಾಕಿಯಾದಲ್ಲಿ ಚುನಾವಣೆ ನಡೆಯಿತು. ಟಿವಿಯಲ್ಲಿ ತೋರಿಸಿದರು. ಹಿಂದೆಲ್ಲ ಇಂಥ ದಿನ ಅವರು ಟಿವಿಯ ಮುಂದಿನಿಂದ ಏಳುತ್ತಿರಲಿಲ್ಲ. ಈಗ ಬಂದು ಊಟಕ್ಕೆ ಕೂತರು. ನಾನೇ ಕೇಳಿದೆ.

“ಈ ಸಲ ನಿಮ್ಮ ಮಂದಿ ಏನ್ ಮಾಡಿದ್ರು ರೀ?”

“ಅವ್ರು ನನ್ನ ಮಂದಿ ಅಲ್ರಿ, ಅತ್ತಿ” ಎಂದರು. ಆಮೇಲೆ ಸಾರು ಇನ್ನೊಂದಿಷ್ಟು ಹಾಕಿಸಿಕೊಂಡು, ತಲೆ ಬಗ್ಗಿಸಿ ಉಂಡು ಎದ್ದರು.