ಕಂಬಳಿ ಹೊದ್ದ ಕಳ್ಳಿ

ಮೇಚೇರಿ ಕಡೆಯ ನಮ್ಮ ಮೇನಕಾಳಿಗೆ ಸೇಲಂನ ಒಂದು ಕಂಪನಿ ಸಂಬಳ ಕೊಡುವುದು ಕಳ್ಳತನಕ್ಕೆ. ಬೇರೆ ಬೇರೆ ಮಾಲೀಕರು ತಾವಾಗಿಯೇ ಕರೆಸಿ, ನಮ್ಮ ಕಂಪ್ಯೂಟರಿಗೆ ನುಗ್ಗಿ ತೋರಿಸಿ ಎನ್ನುತ್ತಾರೆ. ಇವಳು ನುಗ್ಗಿ, ಕನ್ನ ಎಲ್ಲಿದೆ ಎಂದು ಹೇಳಿ ಬರುತ್ತಾಳೆ. ಸೈಬರ್ ಸೆಕ್ಯುರಿಟಿಯಂತೆ. ನಾವು ಚಿಕ್ಕವರಿದ್ದಾಗ ಇದನ್ನು ಕುರಿಕಳ್ಳರ ಆಟ ಎನ್ನುತ್ತಿದ್ದೆವು. ಸಂಬಳ ಇರಲಿಲ್ಲ, ಏಟು ಇತ್ತು.

ನಮ್ಮ ಬೈರಪ್ಪ ತಾತ ಬೇವಿನ ಮರದಡಿ ಗೊರಕೆ ಹೊಡೆಯುವಾಗ ದೊಡ್ಡಿಯಿಂದ ಒಂದು ಮರಿ ಎತ್ತಿಕೊಂಡು ಬರಬೇಕು, ಅಷ್ಟೇ ಆಟ. ಕಾವಲಿಗೆ ಕರಿಯ ಎಂಬ ನಾಯಿ. ನಾನು ಮುಳ್ಳುಬೇಲಿ ಹಾರಿ ಚಡ್ಡಿ ಹರಿದುಕೊಂಡೆ. ಕರಿಯನ ಹಲ್ಲಿನ ಗುರುತು ಇನ್ನೂ ತೊಡೆಯ ಮೇಲಿದೆ. ಮೇನಕಾ ಮಾತ್ರ ತಾತನ ಕಂಬಳಿ ಹೊದ್ದು ದೊಡ್ಡಿಯ ಬಾಗಿಲಲ್ಲೇ ಹೋದಳು. ಕಂಬಳಿಯಲ್ಲಿ ತಾತನ ವಾಸನೆ ಹಿಡಿದ ಕರಿಯ ಬಾಲ ಅಲ್ಲಾಡಿಸಿತು. ಇಂಥ ದಂಡಪಿಂಡ ಯಾಕೆ ಬೇಕು ಎಂದು ಮಾವ ನಾಯಿಯನ್ನು ಓಡಿಸಲು ಹೊರಟರೆ ತಾತ ಬಿಡಲಿಲ್ಲ. ಕಂಬಳಿಯ ಜೊತೆಗೆ ತನ್ನ ದನಿಯೂ ಕೇಳಿಸಿದರೆ ಮಾತ್ರ ದಾರಿ ಬಿಡುವಂತೆ ಅದಕ್ಕೆ ಕಲಿಸಿದ.

ಹೋದ ವರ್ಷ ಓಮಲೂರಿನ ಒಂದು ನೂಲಿನ ಮಿಲ್ಲಿನ ಸರದಿ ಬಂತು. ಎಷ್ಟು ಕೀ ಕುಟ್ಟಿದರೂ ಒಳಗೆ ದಾರಿಯಿಲ್ಲ. ಕೊನೆಗೆ ಮೇನಕಾ ಕಸ ಗುಡಿಸುವವರ ನೀಲಿ ಕೋಟು ತೊಟ್ಟು, ಪೊರಕೆ ಹಿಡಿದು ಗೇಟಿಗೇ ಹೋದಳು. ವಾಚ್‌ಮನ್ ಮುನಿಕೃಷ್ಣಪ್ಪ ನಲ್ಲಂಪಳ್ಳಿಯವನು, ನಮ್ಮ ಹಾಗೆ ಕನ್ನಡ ಮಾತಿನವನೇ. ಗೇಟು ತೆಗೆದದ್ದು ಸಾಲದೆಂದು ಕಂಪ್ಯೂಟರ್ ಕೋಣೆಯ ಬೀಗವನ್ನೂ ತೆಗೆದು, ಮೂಲೆಯಲ್ಲಿ ಜೇಡರ ಬಲೆ ಕಟ್ಟಿದೆ, ಅದನ್ನೂ ಹೊಡೆದುಬಿಡು ಎಂದ.

ಅವಳು ಹೇಗೆ ನುಗ್ಗಿದಳೆಂದು ಕೇಳಿ ಮಾಲೀಕ ಪ್ರಭಾಕರನ್ ಕೆಂಡವಾಗಿ, ನಾಳೆಯಿಂದ ಬರಬೇಡ ಎಂದು ಅವನಿಗೆ ಹೇಳಿಯೇಬಿಟ್ಟ. ಮುನಿಕೃಷ್ಣಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತ. ಮೇನಕಾ ನಡುವೆ ಬಂದಳು. ಕಳ್ಳಿ ತಾನು, ಅನ್ನ ಹೋಗುವುದು ಅವನದು. ಹೊಸಬ ಬಂದರೂ ಕೋಟು ನೋಡಿಯೇ ಬಾಗಿಲು ತೆಗೆಯುತ್ತಾನೆ, ಇವನಿಗಾದರೆ ಒಂದು ಸಲ ಬುದ್ಧಿ ಬಂದಿದೆ ಎಂದು ತಮಿಳಿನಲ್ಲಿ ವಾದ ಮಾಡಿದಳು. ಪ್ರಭಾಕರನ್ ಗೊಣಗಿಕೊಂಡು, ಒಂದು ತಿಂಗಳು ನೋಡೋಣ ಎಂದ.

ಹೊರಡುವಾಗ ಅವಳು ಗೇಟಿನ ಹತ್ತಿರ ನಿಂತು ಕನ್ನಡದಲ್ಲಿ ಹೇಳಿದಳು: "ಅಣ್ಣಾ, ಕೋಟು ನೋಡ್ಬ್ಯಾಡ. ಯಾರೇ ಬರ್ಲಿ, ಒಳಿಕ್ಕೆ ಪೋನ್ ಮಾಡಿ ಕೇಳು."

ತಿಂಗಳು ಕಳೆದು, ಅವನ ಗತಿ ಏನಾಯಿತೋ ಎಂಬ ಅಳುಕಿನಲ್ಲೇ ಮತ್ತೆ ಹೋದಳು. ಈ ಸಲ ವೇಷವಿಲ್ಲ, ಮಾಲೀಕ ಮಾತಾಡಲು ಕರೆಸಿದ್ದ; ಕೊರಳಲ್ಲಿ ಅಸಲಿ ಐಡಿ ಕಾರ್ಡು. ಮುನಿಕೃಷ್ಣಪ್ಪ ಅಲ್ಲೇ ಇದ್ದ. ಗೇಟು ತೆಗೆಯಲಿಲ್ಲ.

"ನಾನೇ ಕಣಣ್ಣಾ, ಮೇನಕಾ."

"ಗೊತ್ತೈತೆ ಕಣವ್ವ. ನೀನೇ ಏಳ್ಕೊಟ್ಟಿದ್ದಲ್ಲ, ಇರು."

ಊಟದ ಹೊತ್ತು, ಒಳಗೆ ಯಾರೂ ಫೋನ್ ಎತ್ತಲಿಲ್ಲ. ಮೇನಕಾ ಸುಡುವ ಬಿಸಿಲಲ್ಲಿ ಅವನನ್ನು ಬೈಯುತ್ತ, ನಗುತ್ತ ನಿಂತಳು. ಅವನು ಕಂಬಿಯ ಸಂದಿಯಿಂದ ನೀರಿನ ಬಾಟಲಿ ಕೊಟ್ಟ. ಗೇಟು ಮಾತ್ರ ತೆಗೆಯಲಿಲ್ಲ.