ಗೋಡೆಗೆ ಮುಖ ಮಾಡಿ ತಿಂದ ಉಗ್ಗಾಣಿ

ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆ ಮನುಷ್ಯನ ವಯಸ್ಸು, ಹುದ್ದೆ ಯಾವುದನ್ನೂ ಕೇಳುವುದಿಲ್ಲ. ಪತ್ತಿಕೊಂಡಕ್ಕೆ ವರ್ಗವಾಗಿ ಎಷ್ಟೋ ವರ್ಷವಾದ ಮೇಲೆ ಮೊನ್ನೆ ಬೆಳಿಗ್ಗೆ ಆದೋನಿಯಲ್ಲಿ ಬಸ್ಸಿಳಿದೆ ನೋಡಿ, ಕಾಲು ತಾನಾಗಿಯೇ ಹಳೆಯ ಉಗ್ಗಾಣಿ ಬಂಡಿಯ ಕಡೆ ತಿರುಗಿತು.

ಉಗ್ಗಾಣಿಯೆಂದರೆ ನೆನೆಸಿದ ಮಂಡಕ್ಕಿಗೆ ಈರುಳ್ಳಿ ಹಾಕಿ ಕೊಟ್ಟ ಒಗ್ಗರಣೆ, ಜೊತೆಗೆ ಬಿಸಿ ಬಜ್ಜಿ. ನಮ್ಮದು ಅರ್ಚಕರ ಮನೆ, ಈರುಳ್ಳಿ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಈ ಊರಲ್ಲಿದ್ದಾಗ ನಾನು ಬಂಡಿಯ ಹಿಂದೆ, ಗೋಡೆಗೆ ಮುಖ ಮಾಡಿ, ತಟ್ಟೆಯನ್ನು ಎದೆಗೊತ್ತಿಕೊಂಡು ತಿನ್ನುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಇಂಥವನು ಇಲ್ಲಿನ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಸ್ವಾತಂತ್ರ್ಯದ ಪಾಠ ಮಾಡುತ್ತಿದ್ದ! ಇನ್ನೊಬ್ಬರಿಗೆ ತೊಂದರೆಯಾಗದಂತೆ ಬೇಕಾದ್ದು ಮಾಡುವುದೇ ಸ್ವಾತಂತ್ರ್ಯ ಎಂದು ಮೇಜು ಕುಟ್ಟಿ ಹೇಳಿ, ಹಾಗೆ ಮಾಡಬೇಕೆನಿಸುವ ಒಂದು ಕೆಲಸ ಬರೆಯಿರಿ ಅಂದೆ. ಹುಡುಗರು ಆಕಾಶಕ್ಕೇ ಏಣಿ ಹಾಕಿದರು. ಒಬ್ಬನಂತೂ ಪರೀಕ್ಷೆಯನ್ನೇ ರದ್ದು ಮಾಡಿದ್ದ. ಹತ್ತಿ ವ್ಯಾಪಾರಿಯ ಮಗಳು ಮಹಾದೇವಿ ಬರೆದದ್ದು ಒಂದೇ ಸಾಲು: ಬಂಡಿಯ ಮುಂದೆ ನಿಂತು ಉಗ್ಗಾಣಿ ತಿನ್ನಬೇಕು.

ಅವರ ಮನೆಯ ಹೆಣ್ಣುಮಕ್ಕಳು ಬಂಡಿಯ ಹತ್ತಿರ ಸುಳಿಯುತ್ತಿರಲಿಲ್ಲ, ಪೊಟ್ಟಣವೇ ಮನೆಗೆ ಬರುತ್ತಿತ್ತು. ನಾನು ದೊಡ್ಡ ಮನಸ್ಸು ಮಾಡಿ, ನಾಳೆ ಎಲ್ಲರಿಗೂ ಕಟ್ಟಿಸಿಕೊಂಡು ಬರುತ್ತೇನೆ ಅಂದೆ.

“ನನಗ ಉಗ್ಗಾಣಿ ಬೇಕಾಗಿಲ್ಲರಿ ಸರ್. ಅಲ್ಲಿ ಹೋಗಿ ನಿಂದ್ರೋದು ಬೇಕಾಗೈತಿ.”

ಮನೆಯಲ್ಲಿ ಅಪ್ಪನನ್ನು ಕೇಳಿದ್ದೀಯಾ ಅಂದೆ.

“ನೀವು ಯಾರನ್ನ ಕೇಳಿ ಹೋಗ್ತೀರಿ ಸರ್? ಮತ್ತ ಗೋಡಿ ಕಡಿ ಮಾರಿ ಮಾಡಿ ಯಾಕ ತಿಂತೀರಿ?”

ತರಗತಿ ನಗಲಿಲ್ಲ, ಅದೇ ಕಷ್ಟವಾಯಿತು. ನನ್ನ ಬೆನ್ನಿನ ಪರಿಚಯ ಊರಿಗೆಲ್ಲ ಇದೆಯೆಂದು ಅವತ್ತು ತಿಳಿಯಿತು. ಎಲ್ಲದಕ್ಕೂ ಮಿತಿ ಇರುತ್ತದೆ ಎಂದು ಏನೋ ಗೊಣಗಿ ಪುಸ್ತಕ ತೆಗೆಸಿದೆ. ಅವರಪ್ಪನಿಗೆ ನಾನೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ನೀವು ಜೊತೆಗೆ ನಿಲ್ಲುವುದಾದರೆ ಆಗಲಿ ಸರ್ ಎಂದು ಅವರು ಅಂದುಬಿಟ್ಟರೆ ಏನು ಮಾಡುವುದು ಎಂಬ ಭಯ. ಆಕೆ ಬಂಡಿಯ ಮುಂದೆ ನಿಲ್ಲದೆಯೇ ಶಾಲೆ ಮುಗಿಸಿ ಹೋದಳು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮೊನ್ನೆ ಬಂಡಿಯ ಮುಂದೆ, ಹೆಗಲಿಗೆ ಬ್ಯಾಗು ಹಾಕಿಕೊಂಡು, ರಸ್ತೆಗೆ ಮುಖ ಮಾಡಿ ತಿನ್ನುತ್ತಿದ್ದವಳು ಅದೇ ಮಹಾದೇವಿ. ಈಗ ಚಿಪ್ಪಗಿರಿಯ ಕಡೆ ಟೀಚರಂತೆ. ಬಸ್ಸು ಬರುವವರೆಗೆ ಇಲ್ಲೇ ತಿಂಡಿಯಂತೆ. ಮೊದಲ ದಿನವೇ ಅವರಪ್ಪ ಎದುರಿಗೆ ಹಾದುಹೋದರಂತೆ. ಆಕೆ ತಟ್ಟೆ ಮರೆಮಾಡಲಿಲ್ಲವಂತೆ. ಅವರು ಮನೆಗೆ ಬಂದು, ಬಜ್ಜಿ ಬಿಸಿ ಇತ್ತೇನು ಎಂದಷ್ಟೇ ಕೇಳಿದರಂತೆ.

ನಾನು ತಟ್ಟೆ ತೆಗೆದುಕೊಂಡು, ಅಭ್ಯಾಸಬಲದಿಂದ ಬಂಡಿಯ ಹಿಂದಕ್ಕೆ ಹೊರಟೆ.

“ಸರ್, ಈ ಕಡಿ ಜಾಗ ಐತಿ, ಬರ್ರಿ,” ಅಂದಳು.

ಬಂದು ನಿಂತೆ. ದೇವಸ್ಥಾನದ ಅರ್ಚಕರಾದ ನಮ್ಮ ದೊಡ್ಡಪ್ಪ ಎದುರಿನ ಅಂಗಡಿಯಲ್ಲಿ ಹೂವು ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ತಟ್ಟೆ ಎದೆಯ ಕಡೆ ಹೊರಟಿತ್ತು. ಮಹಾದೇವಿ ನನ್ನನ್ನೇ ನೋಡುತ್ತಿದ್ದಳು. ತಟ್ಟೆ ಇಳಿಸಿ, ದೊಡ್ಡಪ್ಪನಿಗೆ ಕಾಣುವ ಹಾಗೆ, ಮೊದಲ ತುತ್ತು ಬಾಯಿಗಿಟ್ಟೆ.